ಭಟ್ಟರಿಗೆ ಕೋಟು ತೊಡಿಸಿದ ಫೋಟೊ

ಭಾನುವಾರ ಬೆಳಿಗ್ಗೆ ಮೈಲಾಪೂರಿನ ನಮ್ಮ ಮನೆಯ ಹಜಾರದಲ್ಲಿ ಆರೇಳು ಮಂದಿ ಬಂದು ಕೂರುತ್ತಾರೆ. ಹೊಸದಾಗಿ ಕ್ಯಾಮೆರಾ ಕೊಂಡವರು, ಮೊಬೈಲಿನಲ್ಲೇ ಮುಖದ ಚಿತ್ರ ತೆಗೆಯಲು ಕಲಿಯಬೇಕೆನ್ನುವವರು, ಮದುವೆ ಫೋಟೊಗಳ ಕೆಲಸಕ್ಕೆ ಇಳಿಯಲು ಹೊರಟವರು. ಹೆಚ್ಚಿನವರು ಚೆನ್ನೈನ ಕನ್ನಡ ಮನೆಗಳ ಮಕ್ಕಳು. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವರು ತಮಿಳಿನಲ್ಲಿ ಕೇಳುತ್ತಾರೆ. ಇದರಿಂದ ಪಾಠಕ್ಕೆ ಈವರೆಗೆ ತೊಂದರೆಯಾಗಿಲ್ಲ. ಮೊದಲ ಪ್ರಶ್ನೆ ಮಾತ್ರ ಪ್ರತಿ ತಂಡದಲ್ಲೂ ಒಂದೇ: ಮುಖದ ಚರ್ಮ ನುಣುಪು ಮಾಡಲು ಯಾವ ಆ್ಯಪ್ ಒಳ್ಳೆಯದು?

ಆ್ಯಪ್‌ಗಳ ಹೆಸರು ನನಗೂ ಗೊತ್ತು. ಹೇಳುತ್ತೇನೆ. ಅದಕ್ಕೂ ಮೊದಲು, ತ್ರಿಪ್ಲಿಕೇನ್‌ನ ಒಬ್ಬ ಅಡುಗೆ ಭಟ್ಟರು ಕಾಣೆಯಾದಾಗ ಅವರ ಫೋಟೊ ವಿಷಯದಲ್ಲಿ ನಾನು ಮಾಡಿದ ಎರಡು ತಪ್ಪುಗಳನ್ನು ಹೇಳುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಕತೆ ಸ್ವಲ್ಪ ಬೆಳೆಯುತ್ತಿದೆ ಎಂಬ ಅನುಮಾನ ಬಂದಿದ್ದರಿಂದ, ನಡೆದದ್ದನ್ನು ನಡೆದಷ್ಟೇ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಚೆನ್ನೈನ ಒಂದು ತಮಿಳು ದಿನಪತ್ರಿಕೆಯಲ್ಲಿ. ಅಪ್ಪ ರೈಲ್ವೆಯವರು, ಧಾರವಾಡದ ಕಡೆಯವರು. ನಾನು ಓದಿದ್ದು ಬೆಳೆದದ್ದು ಇಲ್ಲೇ. ಫೋಟೊ ವಿಭಾಗಕ್ಕೆ ಸೇರಿದಾಗ ಅಲ್ಲಿ ನಾನೊಬ್ಬಳೇ ಹೆಂಗಸು. ಗಲಭೆ, ಬೆಂಕಿ, ಕ್ರಿಕೆಟ್ಟು ಗಂಡಸರ ಪಾಲಿಗೆ. ನನ್ನ ಪಾಲಿಗೆ ಬಂದದ್ದು ಮುಖಗಳು. ಸಂದರ್ಶನಕ್ಕೆ ಒಂದು ಮುಖ, ಪ್ರಶಸ್ತಿಗೆ ಒಂದು ಮುಖ, ನಿಧನ ವಾರ್ತೆಗೆ ಒಂದು ಮುಖ. ಬೇಸರವಾಗಿ ಮುಖ್ಯ ಛಾಯಾಗ್ರಾಹಕ ಜಯರಾಮನ್ ಅವರ ಬಳಿ ಗೊಣಗಿದ್ದೆ. ಅವರು, ‘ಬೆಂಕಿ ಹತ್ತಿದ ಕಟ್ಟಡ ನಿನ್ನ ಫೋಟೊ ನೋಡಿ ಜಗಳಕ್ಕೆ ಬರುವುದಿಲ್ಲ. ಮುಖ ಬರುತ್ತದೆ. ಯಾವ ಕೆಲಸ ಕಷ್ಟ, ನೀನೇ ಹೇಳು’ ಎಂದರು.

ಮೊದಲ ತಿಂಗಳು ಒಬ್ಬ ನಿವೃತ್ತ ಹಡಗು ಕ್ಯಾಪ್ಟನ್‌ರ ಚಿತ್ರ ಬೇಕಾಗಿತ್ತು. ಕಡಲಿನವರಲ್ಲವೇ ಎಂದು ಮರೀನಾಗೆ ಕರೆದೊಯ್ದು ನಿಲ್ಲಿಸಿದೆ. ಮುಖದ ಮೇಲೇ ಗಮನವಿಟ್ಟು ತೆಗೆದೆ. ಪ್ರಿಂಟು ನೋಡಿದ ಜಯರಾಮನ್, ‘ಟೋಪಿ ಬಹಳ ಚೆನ್ನಾಗಿದೆ. ಎಲ್ಲಿ ಹೊಲಿಸಿದರಂತೆ?’ ಎಂದು ಕೇಳಿದರು. ಆಗ ನೋಡಿದೆ: ಹಿಂದಿನ ದೀಪಸ್ತಂಭ ಕ್ಯಾಪ್ಟನ್‌ರ ನಡುನೆತ್ತಿಯಿಂದ ನೆಟ್ಟಗೆ ಎದ್ದು ನಿಂತಿತ್ತು. ಅಂದಿನಿಂದ ನಾನು ಮೊದಲು ನೋಡುವುದು ತಲೆಯ ಹಿಂದೆ ಏನಿದೆ ಎಂದು. ಕಂಬ, ಫ್ಯಾನು, ಕ್ಯಾಲೆಂಡರಿನ ದೇವರು, ಏನಿದ್ದರೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಆಯಿತು. ಮುಕ್ಕಾಲು ಪಾಲು ಎಡಿಟಿಂಗ್ ಈ ಒಂದು ಹೆಜ್ಜೆಯಲ್ಲಿ ಮುಗಿಯುತ್ತದೆ.

ಜಯರಾಮನ್ ಕಲಿಸಿದ ಉಳಿದವು ಇನ್ನೂ ಸರಳ. ಫ್ಲ್ಯಾಶ್ ಚೀಲದಲ್ಲಿರಲಿ, ಜನರನ್ನು ಕಿಟಕಿಯ ಪಕ್ಕ ಕೂರಿಸು. ಫೋಕಸ್ ಕಣ್ಣಿನ ಮೇಲಿರಲಿ. ಒಮ್ಮೆ ನಾಟ್ಯ ಶಿಕ್ಷಕಿಯೊಬ್ಬರ ಮೂಗುತಿಯ ಒಂದೊಂದು ಹರಳೂ ಸ್ಪಷ್ಟವಾಗಿ ಬಂದು ಕಣ್ಣು ಮಸುಕಾಗಿತ್ತು. ಅವರು ಫೋನ್ ಮಾಡಿ ಮೂಗುತಿಯ ಪರವಾಗಿ ವಂದನೆ ಹೇಳಿದರು. ‘ನಗಿ’ ಎಂದು ಯಾರಿಗೂ ಹೇಳಬೇಡ, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳು. ಹೈಕೋರ್ಟಿನ ದೊಡ್ಡ ವಕೀಲರೂ ಪೊಂಗಲ್ ನೆನೆಸಿಕೊಂಡಾಗ ಮನುಷ್ಯರಾಗುವುದನ್ನು ನಾನು ಕಂಡಿದ್ದೇನೆ.

ತಿದ್ದುವ ವಿಷಯದಲ್ಲಿ ಅವರದು ಒಂದೇ ಅಳತೆ. ಬರುವ ವಾರ ತಾನಾಗಿ ಹೋಗುವಂಥದ್ದನ್ನು, ಅಂದರೆ ಮೊಡವೆಯನ್ನೋ ಕೆನ್ನೆಗೆ ಅಂಟಿದ ಅನ್ನದ ಅಗುಳನ್ನೋ, ಭಾನುವಾರದ ಪುರವಣಿಯಲ್ಲಿ ತೆಗೆಯಬಹುದು. ಬರುವ ವಾರವೂ ಇರುವಂಥ ಮಚ್ಚೆ, ಗಾಯದ ಗುರುತು, ಸುಕ್ಕನ್ನು ಮುಟ್ಟಕೂಡದು. ಡಾರ್ಕ್ ರೂಮಿನಲ್ಲಿ ತಂತಿಗೆ ರಟ್ಟಿನ ಬಿಲ್ಲೆ ಅಂಟಿಸಿ, ಪ್ರಿಂಟಿನ ಕಾಗದದಲ್ಲಿ ಮುಖದ ಮೇಲೆ ಬೆಳಕು ಬೀಳದಂತೆ ಕ್ಷಣ ಕಾಲ ಆಡಿಸಿ, ಅಷ್ಟು ಭಾಗವನ್ನು ತಿಳಿ ಮಾಡುತ್ತಿದ್ದೆವು; ಆ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಕಂಪ್ಯೂಟರ್ ಬಂದಮೇಲೆ ಅದೇ ಕೆಲಸ ಬೆರಳ ತುದಿಗೆ ಬಂತು. ತಿದ್ದುವುದು ಸುಲಭವಾದಷ್ಟೂ ತಿದ್ದದೆ ಬಿಡುವುದು ಕಷ್ಟವಾಯಿತು. ರಟ್ಟಿನ ಬಿಲ್ಲೆ ಹಿಡಿದು ಯಾರಿಗೂ ಕೋಟು ತೊಡಿಸಲು ಬರುತ್ತಿರಲಿಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷ ಇದ್ದಾಗಿನ ಮಾತು. ಒಂದು ಮಧ್ಯಾಹ್ನ ಸದಾಶಿವ ರಾಯರು ನಮ್ಮ ಕಚೇರಿಗೆ ಬಂದರು. ತ್ರಿಪ್ಲಿಕೇನ್‌ನಲ್ಲಿ ಅವರದೊಂದು ಮೆಸ್ಸು, ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ಆರಂಭಿಸಿದ್ದು. ಕನ್ನಡದವರು ಯಾರಾದರೂ ಇದ್ದಾರಾ ಎಂದು ಕೆಳಗೆ ಕೇಳಿದ್ದಕ್ಕೆ ಅವರನ್ನು ನನ್ನ ಬಳಿ ಕಳಿಸಿದ್ದರು.

‘ಮೇಡಂ, ನಮ್ಮ ಭಟ್ರು ಹೋದ್ರು’ ಎಂದರು. ನಾನು ಎದ್ದು ನಿಂತೆ. ‘ಅಯ್ಯೋ, ಆ ಹೋಗುದಲ್ಲ ಮಾರಾಯ್ರೆ. ನಡ್ಕೊಂಡು ಹೋದ್ರು. ನಿನ್ನೆ ಬೆಳಿಗ್ಗೆ.’

ಹೋದವರು ಮಂಜುನಾಥ ಭಟ್ಟರು, ವಯಸ್ಸು ಅರವತ್ತೇಳು, ಮೆಸ್ಸಿನ ಮುಖ್ಯ ಅಡುಗೆಯವರು, ರಾಯರ ತಂದೆಯ ಕಾಲದಿಂದ ಇದ್ದವರು. ಜಗಳ ಸಾಂಬಾರ್ ಪುಡಿಯದು. ರಾಯರು ಕೆಲಸ ಹಗುರಾಗಲಿ ಎಂದು ಅಂಗಡಿಯ ಪುಡಿಯ ಪೊಟ್ಟಣ ತರಿಸಿದ್ದರು. ಭಟ್ಟರು ಒಂದು ಪೊಟ್ಟಣವನ್ನು ಎತ್ತಿ ನೋಡಿ, ‘ಇದನ್ನು ಕತ್ತರಿಸ್ಲಿಕ್ಕೆ ನಾನು ಎಂತಕ್ಕೆ? ಒಂದು ಕತ್ತರಿ ಇಟ್ಕೊ, ಮಾಣಿ’ ಎಂದು ಹೇಳಿ, ಶರ್ಟು ಹಾಕಿಕೊಂಡು ಹೊರಟುಹೋಗಿದ್ದರು. ಐವತ್ತು ದಾಟಿದ ರಾಯರನ್ನು ಅವರು ಕರೆಯುತ್ತಿದ್ದದ್ದು ಮಾಣಿ ಎಂದೇ, ಅಂದರೆ ಹುಡುಗ ಎಂದೇ. ಮೊಬೈಲ್ ಅವರ ಬಳಿ ಯಾವತ್ತೂ ಇರಲಿಲ್ಲ.

‘ಸಿಟ್ಟು ಇಳಿದಮೇಲೆ ಬರ್ತಾರಲ್ರೀ’ ಎಂದೆ.

ರಾಯರು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಮಾತ್ರೆಗಳು. ‘ಶುಗರಿನದ್ದು, ಬಿಪಿಯದ್ದು. ಎಲ್ಲ ಇಲ್ಲೇ ಉಂಟು. ಎರಡು ಹೊತ್ತು ತಪ್ಪಿದ್ರೆ ತಲೆ ತಿರುಗ್ತದೆ ಅವರಿಗೆ. ಹೋದ ವರ್ಷ ಒಲೆ ಪಕ್ಕ ಬಿದ್ದಿದ್ರು. ನಾನು ಹಿಡ್ಕೊಂಡದ್ದಕ್ಕೆ ಆಯ್ತು. ಈಗ ಎಲ್ಲಿ ಬೀಳ್ತಾರೋ, ಯಾರು ಹಿಡೀತಾರೋ.’

ಪೊಲೀಸರಿಗೆ ದೂರು ಕೊಟ್ಟಾಗಿತ್ತು. ನಾನು ಫೋಟೊ ಕೇಳಿದೆ. ಕೊಟ್ಟರು.

ಆ ಫೋಟೊದಲ್ಲಿ ಕೋಟು, ಕೆಂಪು ಟೈ, ಕಪ್ಪು ಕೂದಲು, ಗೋದಿ ಹಿಟ್ಟಿನಷ್ಟು ತಿಳಿಯಾದ ಮುಖ. ಒಂದು ಸುಕ್ಕಿಲ್ಲ. ಯಾವುದೋ ಗುರುತಿನ ಚೀಟಿಗೆ ಬೇಕೆಂದು ಭಟ್ಟರು ಪಕ್ಕದ ಬೀದಿಯ ಸ್ಟುಡಿಯೊಗೆ ಹೋಗಿದ್ದರಂತೆ. ಅಲ್ಲಿನವರು ಮುಖವನ್ನು ಕಂಪ್ಯೂಟರಿನಲ್ಲಿ ತೊಳೆದು, ಕೂದಲಿಗೆ ಬಣ್ಣ ಹಚ್ಚಿ, ಇನ್ನಾರದೋ ಭುಜದ ಮೇಲೆ ಕೂರಿಸಿ ಕೊಟ್ಟಿದ್ದರು. ಭಟ್ಟರು ಒಮ್ಮೆಯೂ ಕೋಟು ತೊಟ್ಟವರಲ್ಲ. ಚಿತ್ರ ತಿದ್ದಿದ್ದೆಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬೇರೆ ಇದೆಯೇ ಎಂದು ಒಂದು ಸಲ ಕೇಳಿದೆ, ರಾಯರು ಇಲ್ಲವೆಂದರು, ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆಯೊಂದಿಗೆ ಅಚ್ಚಿಗೆ ಕಳಿಸಿದೆ. ಇದು ಮೊದಲ ತಪ್ಪು. ಮನೆಯವರು ಕೊಟ್ಟ ಚಿತ್ರ ಎಂಬ ನೆಪ ಸುದ್ದಿಮನೆಯಲ್ಲಿ ನಡೆಯುತ್ತದೆ. ಕಾಣೆಯಾದವರ ಮಟ್ಟಿಗೆ ನಡೆಯಬಾರದು.

ಮರುದಿನ ಒಂದೇ ಕರೆ ಬಂತು. ಮೈಲಾಪೂರಿನಿಂದ ಒಬ್ಬರು ಖಚಿತವಾಗಿ ಹೇಳಿದರು: ಇವರು ನಮ್ಮ ಬೀದಿಯಲ್ಲಿ ದಿನಾ ವಾಕಿಂಗ್ ಮಾಡುತ್ತಾರೆ. ವರದಿಗಾರ ಹೋಗಿ ನೋಡಿದರೆ, ಅವರು ವಿಮಾ ಕಂಪನಿಯ ನಿವೃತ್ತ ಅಧಿಕಾರಿ. ತಾವು ಕಾಣೆಯಾಗಿಲ್ಲವೆಂದು ನಂಬಿಸಲು ಹೆಂಡತಿಯನ್ನು ಕರೆದು ಸಾಕ್ಷಿ ಹೇಳಿಸಬೇಕಾಯಿತಂತೆ.

ಭಟ್ಟರು ಮಾತ್ರೆಯಿಲ್ಲದೆ ಎರಡು ದಿನ ಕಳೆದಿದ್ದರು. ಕ್ಯಾಮೆರಾ ಚೀಲ ಹೆಗಲಿಗೆ ಹಾಕಿ ನಾನೇ ತ್ರಿಪ್ಲಿಕೇನ್‌ಗೆ ಹೋದೆ. ಮೆಸ್ಸಿನಲ್ಲಿ ಎಲ್ಲರ ಮೊಬೈಲುಗಳನ್ನೂ ತೆಗೆಸಿ ನೋಡಿದೆ. ಭಟ್ಟರ ಬೆನ್ನು ಇತ್ತು, ಕೈ ಇತ್ತು, ಸೌಟು ಇತ್ತು, ಹಬೆಯ ಹಿಂದೆ ಒಂದು ಕಿವಿ ಇತ್ತು. ಮುಖ ಇರಲಿಲ್ಲ.

‘ಫೋಟೊ ಅಂದ ಕೂಡ್ಲೆ ತಿರುಗಿ ನಿಲ್ತಾರೆ ಮೇಡಂ’ ಎಂದರು ಬಡಿಸುವವರಲ್ಲಿ ಹಿರಿಯರಾದ ಒಬ್ಬರು. ‘ಮುಖ ನೋಡಿ ಯಾರಿಗೆ ಹೊಟ್ಟೆ ತುಂಬ್ತದೆ ಅಂತ ಕೇಳ್ತಾರೆ.’

ಕೊನೆಗೆ ರಾಯರ ತಾಯಿ ಭವಾನಿಯಮ್ಮ ಮಹಡಿಯಿಂದ ಒಂದು ಮದುವೆ ಆಲ್ಬಮ್ ತಂದರು. ಎಂಬತ್ತು ದಾಟಿದವರು. ‘ನಮ್ಮ ಮೊಮ್ಮಗಳ ಮದುವೆ, ಮೂರು ವರ್ಷ ಆಯ್ತು. ಅಡುಗೆಯವರ ಜೊತೆ ಒಂದು ತೆಗೆಯಿರಿ ಅಂತ ನಾನೇ ಗದರಿಸಿ ನಿಲ್ಲಿಸಿದ್ದು’ ಎಂದರು. ಹತ್ತು ಜನ ಬರಿಮೈಯಲ್ಲಿ, ಹೆಗಲಲ್ಲಿ ಜನಿವಾರ, ಕೈಯಲ್ಲಿ ಸೌಟು ಹಿಡಿದು ಸಾಲಾಗಿ ನಿಂತಿದ್ದರು. ಒಂಬತ್ತು ಜನ ಕ್ಯಾಮೆರಾ ನೋಡುತ್ತಿದ್ದರು. ಭಟ್ಟರೊಬ್ಬರೇ ಪಕ್ಕಕ್ಕೆ, ಬಹುಶಃ ಒಲೆಯ ಕಡೆಗೆ, ಮುಖ ಓರೆ ಮಾಡಿದ್ದರು. ಮುಖ ಬೆರಳುಗುರಿನಷ್ಟು ಸಣ್ಣದು, ಅದರ ಮೇಲೆ ಚಪ್ಪರದ ನೆರಳು. ಆದರೂ ಅದು ಮನುಷ್ಯನ ಮುಖ. ಕಪ್ಪು ಚರ್ಮ, ಒಳಕ್ಕೆ ಹೋದ ಕೆನ್ನೆ, ಎಡ ಹುಬ್ಬಿನ ನಡುವೆ ಎಣ್ಣೆ ಸಿಡಿದು ಕೂದಲು ಹೋದ ಒಂದು ಬಿರುಕು.

ಹಾಳೆಯನ್ನು ಕಿಟಕಿಯ ಬಳಿ ಇಟ್ಟು, ಹೊಳಪು ಬೀಳದಂತೆ ಸ್ವಲ್ಪ ವಾಲಿಸಿ, ಅದರ ಚಿತ್ರ ತೆಗೆದುಕೊಂಡೆ. ಕಚೇರಿಗೆ ಬಂದು ತಲೆ ಮತ್ತು ಭುಜದವರೆಗೆ ಕತ್ತರಿಸಿದೆ. ನೆರಳಿನ ಭಾಗವನ್ನು ಮಾತ್ರ ತಿಳಿ ಮಾಡಿದೆ. ಚಿತ್ರ ಕಾಳುಕಾಳಾಗಿತ್ತು, ನುಣುಪು ಮಾಡಿದರೆ ಸುಕ್ಕೂ ಹೋಗುತ್ತದೆಂದು ಹಾಗೇ ಬಿಟ್ಟೆ. ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ ಎಂದು ರಾಯರು ಫೋನಿನಲ್ಲಿ ಹೇಳಿದರು. ಬಿಳಿ ಬಣ್ಣ ಹಚ್ಚಲು ಅರ್ಧ ನಿಮಿಷ ಸಾಕಿತ್ತು. ಹಚ್ಚಲಿಲ್ಲ. ‘ಕೂದಲು ಈಗ ಬಿಳಿ, ಎಡ ಹುಬ್ಬಿನಲ್ಲಿ ಗಾಯದ ಗುರುತು’ ಎಂದು ಪ್ರಕಟಣೆಯಲ್ಲಿ ಅಕ್ಷರದಲ್ಲಿ ಸೇರಿಸಿದೆ. ಚಿತ್ರದಲ್ಲಿ ಇಲ್ಲದ್ದನ್ನು ಮಾತಿನಲ್ಲಿ ಹೇಳಬೇಕು, ಚಿತ್ರದಲ್ಲಿ ಬರೆಯಬಾರದು. ಅಲ್ಲಿಗೆ ನಾನು ನನ್ನ ಬಗ್ಗೆ ಸಾಕಷ್ಟು ತೃಪ್ತಿಯಿಂದಿದ್ದೆ.

ಎರಡನೆಯ ತಪ್ಪು ಆ ತೃಪ್ತಿಯಲ್ಲೇ ಆಯಿತು. ಪತ್ರಿಕೆಯ ಪುಟ ಕಟ್ಟುವವರಿಗೆ ಒಂದು ಹಳೆಯ ಅಭ್ಯಾಸವಿದೆ. ಓರೆ ಮುಖದ ಚಿತ್ರ ಪುಟದ ಒಳಗಡೆ ನೋಡುತ್ತಿರಬೇಕು, ಹೊರಗೆ ನೋಡಿದರೆ ಓದುಗರ ಕಣ್ಣೂ ಹೊರಗೆ ಹೋಗುತ್ತದೆ ಎಂದು ನಂಬಿಕೆ. ಅಂದು ಪ್ರಕಟಣೆಗೆ ಸಿಕ್ಕಿದ್ದು ಪುಟದ ಎಡ ಅಂಚು. ಭಟ್ಟರು ಎಡಕ್ಕೆ, ಅಂದರೆ ಪುಟದಾಚೆಗೆ ನೋಡುತ್ತಿದ್ದರು. ಅಚ್ಚಿಗೆ ಕಳಿಸಲು ಹತ್ತು ನಿಮಿಷವಿತ್ತು. ಚಿತ್ರದಲ್ಲಿ ಅಕ್ಷರವಿದೆಯೇ, ಕೈಗಡಿಯಾರವಿದೆಯೇ ಎಂದು ನೋಡಿದೆ. ಇವು ಇದ್ದರೆ ತಿರುಗಿಸಿದ್ದು ಗೊತ್ತಾಗಿಬಿಡುತ್ತದೆ. ಎರಡೂ ಇರಲಿಲ್ಲ. ಒಂದು ಗುಂಡಿ ಒತ್ತಿ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು ಮಾಡಿ ಕಳಿಸಿದೆ. ಪ್ರತಿದಿನ ಅಪ್ಪನ ಹೆಗಲಲ್ಲಿ ನೋಡಿ ಬೆಳೆದ ಜನಿವಾರ ಚಿತ್ರದಲ್ಲಿತ್ತು. ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಬೆಳಿಗ್ಗೆ ಏಳಕ್ಕೆ ರಾಯರ ಫೋನು. ‘ಮೇಡಂ, ಅಮ್ಮ ಕಾಫಿ ಸಹ ಕುಡಿಯದೆ ಕೂತಿದ್ದಾರೆ. ನೀವೇ ಮಾತಾಡಿ.’

ಭವಾನಿಯಮ್ಮ ಫೋನ್ ತೆಗೆದುಕೊಂಡರು. ‘ಅಲ್ಲ ತಂಗಿ, ಭಟ್ರು ಯಾರ ಶ್ರಾದ್ಧ ಮಾಡ್ತಾ ಇದ್ದಾರೆ?’

‘ಯಾಕ್ರೀ ಅಮ್ಮಾ, ಏನಾತು?’

‘ಪೇಪರ್ ನೋಡು. ಜನಿವಾರ ಬಲ ಭುಜದ ಮೇಲೆ ಉಂಟು. ಪಿತೃಕಾರ್ಯಕ್ಕೆ ಅಲ್ಲದೆ ಯಾರಾದ್ರೂ ಹಾಗೆ ಹಾಕ್ತಾರಾ? ಮದುವೆ ಮನೆಯಲ್ಲಿ ತೆಗೆದದ್ದು ಅದು! ನೋಡಿದವರು ಎಂತ ಹೇಳ್ತಾರೆ? ಮನುಷ್ಯ ಕಾಣೆಯಾಗಿ ಮೂರು ದಿನ, ಅದರ ಮೇಲೆ ನೀನು ಇದೊಂದು ಅಪಶಕುನ ಮಾಡಿದ್ದಿ!’

ನಾನು ಪತ್ರಿಕೆ ಬಿಡಿಸಿದೆ. ಜನಿವಾರ ನೋಡಿ ನಾಚಿಕೆಯಾಯಿತು. ಹುಬ್ಬು ನೋಡಿ ಹೆದರಿಕೆಯಾಯಿತು. ಪ್ರಕಟಣೆಯಲ್ಲಿ ಎಡ ಹುಬ್ಬು ಎಂದಿತ್ತು, ಚಿತ್ರದಲ್ಲಿ ಗುರುತು ಬಲ ಹುಬ್ಬಿಗೆ ಹೋಗಿತ್ತು. ಭಟ್ಟರನ್ನು ಕಂಡವರು ಯಾರಾದರೂ ಇದ್ದರೆ, ಇವರಲ್ಲ ಎಂದು ಪತ್ರಿಕೆ ಮಡಿಚಿಡಲು ನಾನೇ ಕಾರಣ ಕೊಟ್ಟಿದ್ದೆ. ಎದುರಿದ್ದವರ ಎಡ ಯಾವುದು, ಚಿತ್ರದ ಎಡ ಯಾವುದು ಎಂದು ಗೊಂದಲಪಡದವರು ಕಡಿಮೆ ಎಂದು ಸಮಾಧಾನ ಹೇಳಿಕೊಂಡು ಕಚೇರಿಗೆ ಓಡಿದೆ.

ಹತ್ತರ ಹೊತ್ತಿಗೆ ಗೊಂದಲಪಡದ ಒಬ್ಬರು ಫೋನ್ ಮಾಡಿದರು. ಹೆಸರು ಮುತ್ತುಲಕ್ಷ್ಮಿ. ಎಣ್ಣೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಕೆಲಸಗಾರರಿಗೆ ಊಟ ಹಾಕುವ ಒಂದು ಕ್ಯಾಂಟೀನ್ ನಡೆಸುವವರು. ‘ನಮ್ಮ ಹತ್ತಿರ ಒಬ್ಬರು ಪೆರಿಯವರ್ ಇದ್ದಾರೆ, ವಯಸ್ಸಾದವರು. ಮುಖ ಇದೇ. ಆದರೆ ಹುಬ್ಬಿನ ಗುರುತು ಬೇರೆ ಕಡೆ. ನಿಮ್ಮ ಬರಹ ನೋಡಿದರೆ ಅವರೇ, ಚಿತ್ರ ನೋಡಿದರೆ ಅವರ ತಮ್ಮನೋ ಏನೋ’ ಎಂದು ತಮಿಳಿನಲ್ಲಿ ಹೇಳಿ, ನನ್ನ ಇಡೀ ವೃತ್ತಿಯಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದರು: ‘ಎಳುತ್ತ ನಂಬಟ್ಟುಮಾ, ಪಡತ್ತ ನಂಬಟ್ಟುಮಾ?’ ಅಕ್ಷರವನ್ನು ನಂಬಲೋ, ಚಿತ್ರವನ್ನು ನಂಬಲೋ?

ಮುಖಗಳ ಫೋಟೊ ತೆಗೆದೇ ಅನ್ನ ತಿಂದವಳು ನಾನು. ‘ಅಕ್ಷರವನ್ನು ನಂಬಿ ಅಮ್ಮಾ. ಚಿತ್ರದಲ್ಲಿ ತಪ್ಪು ನನ್ನದು’ ಎಂದೆ. ‘ಅವರು ಹೇಗಿದ್ದಾರೆ?’

‘ನಿನ್ನೆ ತಲೆ ಸುತ್ತಿ ಕೂತುಬಿಟ್ಟರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಈಗ ನನ್ನನ್ನೇ ಬೈಯುತ್ತಿದ್ದಾರೆ, ಹುಣಸೆಹಣ್ಣು ಹಳೆಯದಂತೆ.’

ಬೈಯುತ್ತಿದ್ದಾರೆ ಎಂದು ರಾಯರಿಗೆ ಫೋನ್ ಮಾಡಿ ತಿಳಿಸಿದಾಗ ಆ ಕಡೆ ಅವರು ಅತ್ತರೆಂದು ನನಗೆ ಅನಿಸಿತು. ಕಣ್ಣಾರೆ ನೋಡಿಲ್ಲವಾದ್ದರಿಂದ ಖಚಿತವಾಗಿ ಬರೆಯಲಾರೆ. ಮೆಸ್ಸಿಗೆ ತರಕಾರಿ ತರುವ ವ್ಯಾನಿನಲ್ಲಿ ಮಾತ್ರೆ ಡಬ್ಬಿಯೊಂದಿಗೆ ಇಬ್ಬರೂ ಎಣ್ಣೂರಿಗೆ ಹೊರಟೆವು.

ಕ್ಯಾಂಟೀನು ತಗಡಿನ ಶೆಡ್ಡು. ಊಟದ ಹೊತ್ತು, ಕೆಲಸಗಾರರ ಸಾಲು ಬಾಗಿಲಾಚೆಗೂ ಬಂದಿತ್ತು. ಒಲೆಯ ಮುಂದೆ ಭಟ್ಟರು ನಿಂತಿದ್ದರು, ನಮಗೆ ಬೆನ್ನು ಮಾಡಿ. ಆ ಬೆನ್ನನ್ನು ಅಷ್ಟೂ ಮೊಬೈಲುಗಳಲ್ಲಿ ನೋಡಿದ್ದರಿಂದ ನನಗೆ ತಕ್ಷಣ ಗುರುತಾಯಿತು.

‘ಭಟ್ರೇ’ ಎಂದರು ರಾಯರು.

ಭಟ್ಟರು ತಿರುಗಲಿಲ್ಲ. ‘ಯಾರು, ಮಾಣಿಯಾ? ಕತ್ತರಿ ಸಿಕ್ಕಿತಾ?’

‘ಪ್ಯಾಕೆಟೆಲ್ಲ ವಾಪಸ್ ಕಳಿಸಿದೆ. ಮೊದಲು ಈ ಮಾತ್ರೆ ತಗೊಳ್ಳಿ.’

‘ಡಾಕ್ಟ್ರು ಕೊಟ್ಟದ್ದು ಬೆಳಿಗ್ಗೆ ತಗೊಂಡಾಯ್ತು. ಈ ಅಮ್ಮ ಎದುರಿಗೆ ನಿಂತು ನುಂಗಿಸಿದ್ರು, ಪೊಲೀಸಿನ ಹಾಗೆ.’

ಅವರು ಅಲ್ಲಿಗೆ ಹೋದದ್ದು ಹಳೆಯ ಜೊತೆಗಾರರೊಬ್ಬರನ್ನು ಹುಡುಕಿಕೊಂಡು, ಬಸ್ಸಿನಲ್ಲಿ. ಜೊತೆಗಾರರು ಕ್ಯಾಂಟೀನ್ ಬಿಟ್ಟು ವರ್ಷಗಳಾಗಿದ್ದವು. ಅಂದು ಮುತ್ತುಲಕ್ಷ್ಮಿಯವರ ಅಡುಗೆಯವರು ಬಂದಿರಲಿಲ್ಲ. ನೀರು ಕೇಳಲು ಒಳಗೆ ಬಂದ ಭಟ್ಟರು ಬೇಯುತ್ತಿದ್ದ ಬೇಳೆ ನೋಡಿ ತಡೆಯಲಾರದೆ ಸೌಟು ಹಿಡಿದಿದ್ದರು. ಆಮೇಲೆ ಬಿಟ್ಟಿರಲಿಲ್ಲ.

‘ಪೇಪರಿನಲ್ಲಿ ನಿಮ್ಮ ಫೋಟೊ ಬಂದಿದ್ದು ನೋಡಲಿಲ್ಲೇನ್ರಿ? ಮೊದಲನೇ ದಿನದ್ದು?’ ಎಂದು ಕೇಳಿದೆ. ಭಟ್ಟರಿಗೆ ತಮಿಳು ಮಾತು ನೀರು ಕುಡಿದಷ್ಟು ಸಲೀಸು, ಆದರೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ. ಅವರು ನೆನಪಿಸಿಕೊಳ್ಳುವ ಮೊದಲೇ ಮುತ್ತುಲಕ್ಷ್ಮಿ ನಗತೊಡಗಿದರು. ಆ ಪತ್ರಿಕೆಯಲ್ಲಿ ವಡೆ ಕಟ್ಟುತ್ತಿದ್ದದ್ದು ಭಟ್ಟರೇ. ಕೋಟು ತೊಟ್ಟ ಚಿತ್ರವನ್ನು ಚೆನ್ನಾಗಿ ನೋಡಿ, ‘ಪಾಪ, ಯಾವುದೋ ದೊಡ್ಡ ಮನೆಯ ಯಜಮಾನ್ರು. ಇಷ್ಟು ಒಳ್ಳೆ ಟೈ ಕಟ್ಕೊಂಡು ಎಲ್ಲಿಗೆ ಹೋದ್ರೋ!’ ಎಂದು ಮರುಗಿದ್ದರಂತೆ.

‘ಅದು ನಾನಾ?’ ಎಂದರು ಭಟ್ಟರು. ಈಗ ತಿರುಗಿದರು. ‘ಸ್ಟುಡಿಯೊದವ ಕೊಟ್ಟದ್ದನ್ನು ನಾನು ನೋಡ್ಲೇ ಇಲ್ಲ. ಕವರಿನಲ್ಲೇ ಮಾಣಿಗೆ ಕೊಟ್ಟದ್ದು.’

‘ನಡೀರಿ ಭಟ್ರೆ, ಮನೆಗೆ ಹೋಗುವ. ಅಮ್ಮ ಕಾಯ್ತಾ ಇದ್ದಾರೆ’ ಎಂದರು ರಾಯರು.

‘ಇಷ್ಟು ಜನ ತಟ್ಟೆ ಹಿಡ್ಕೊಂಡು ನಿಂತಿದ್ದಾರೆ, ಕಾಣುದಿಲ್ವಾ? ಬಡಿಸಿ ಆಗ್ಲಿ. ನೀನು ಉಂಡೆಯಾ?’

ರಾಯರು ಇಲ್ಲವೆಂದು ತಲೆಯಾಡಿಸಿದರು. ಮೂರು ದಿನದಿಂದ ಸರಿಯಾಗಿ ಉಂಡಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಭಟ್ಟರು ಅವರನ್ನು ಬೆಂಚಿನ ಮೇಲೆ ಕೂರಿಸಿ, ಎಲೆ ಹಾಕಿ, ಅನ್ನ ಬಡಿಸಿ, ಅದರ ಮೇಲೆ ಸಾಂಬಾರ್ ಹೊಯ್ದರು. ಬಡಿಸಿ ಹೋಗಲಿಲ್ಲ. ಸೌಟು ಹಿಡಿದು ಅಲ್ಲೇ ನಿಂತರು.

ಬಾಗಿಲಿನಿಂದ ಬೆಳಕು ಒಂದು ಪಕ್ಕದಿಂದ ಅವರ ಮುಖದ ಮೇಲೆ ಬೀಳುತ್ತಿತ್ತು. ನಾನು ಕ್ಯಾಮೆರಾ ತೆಗೆದೆ. ಹಿಂದೆ ತಗಡಿನ ಗೋಡೆಯಲ್ಲಿ ಒಂದು ಫ್ಯೂಸ್ ಪೆಟ್ಟಿಗೆ ಇತ್ತು, ಒಂದು ಹೆಜ್ಜೆ ಸರಿದೆ. ಭಟ್ಟರು ನನ್ನನ್ನು ಗಮನಿಸಲೇ ಇಲ್ಲ. ಅವರು ರಾಯರ ಬಾಯಿಯನ್ನೇ ನೋಡುತ್ತಿದ್ದರು, ಮೊದಲ ಸಲ ಅಡುಗೆ ಮಾಡಿ ಬಡಿಸಿದವರ ಹಾಗೆ, ಹುಬ್ಬೆರಡನ್ನೂ ಎತ್ತಿ. ರಾಯರು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ತಲೆ ಬಗ್ಗಿಸಿಕೊಂಡೇ, ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿ, ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ಭಟ್ಟರ ಮುಖ ಬಿಚ್ಚಿಕೊಂಡಿತು. ಎರಡು ಬಾರಿ ಶಟರ್ ಒತ್ತಿದೆ.

ಸದ್ದಿಗೆ ಅವರು ಗಕ್ಕನೆ ಬೆನ್ನು ತಿರುಗಿಸಿದರು. ಅಷ್ಟರಲ್ಲಿ ಆಗಿತ್ತು.

‘ಆ ಡಬ್ಬ ಒಳಗಿಡಿ ಅಮ್ಮಾ’ ಎಂದರು ಒಲೆಯ ಕಡೆಯಿಂದ. ‘ಮಾಣಿಯ ಪಕ್ಕ ಎಲೆ ಹಾಕ್ತೇನೆ, ಕೂತ್ಕೊಳ್ಳಿ.’

ಕೂತೆ. ಎರಡು ತುತ್ತು ಆಗುವಷ್ಟರಲ್ಲಿ ಕಚೇರಿಯಿಂದ ಸುದ್ದಿ ಸಂಪಾದಕರ ಫೋನು ಬಂತು. ಅಡುಗೆಯವರು ಸಿಕ್ಕರೋ ಇಲ್ಲವೋ, ನಾಳೆಯೂ ಪ್ರಕಟಣೆಗೆ ಜಾಗ ಇಡಬೇಕೋ ಬೇಡವೋ ಎಂದು ಅವರು ಕೇಳುತ್ತಿದ್ದರು. ಬಾಯಿ ತುಂಬ ಅನ್ನವಿದ್ದದ್ದರಿಂದ ಉತ್ತರ ಹೇಳಲು ಸ್ವಲ್ಪ ತಡವಾಯಿತು.